ನನ್ನ ಮಗಳಿಗೆ ನಾನೇ ಅಪ್ಪನೆಂದು ಒಪ್ಪದ ಅಧಿಕಾರಿಗಳಿಗೆ

ಮಾನ್ಯ ಜನನ ನೋಂದಣಿ ಅಧಿಕಾರಿಗಳೇ,

ನನ್ನ ಮಗಳು ತನಿಷಾಳ ಜನನ ಪತ್ರದಲ್ಲಿ ತಂದೆಯ ಹೆಸರಿನ ಜಾಗವನ್ನು ತಾವು ಖಾಲಿ ಬಿಟ್ಟಿದ್ದೀರಿ. ಆ ಜಾಗ ನನ್ನದು. ಇಡೀ ನೇಪರ್‌ವಿಲ್‌ನಲ್ಲಿ ಈ ಬಗ್ಗೆ ಸಂಶಯವಿರುವುದು ತಮಗೊಬ್ಬರಿಗೇ. ಮಗು ನೋಡಲು ಬಂದವರೆಲ್ಲ ಅದರ ಮಡಚಿದ ಎಡಗಿವಿ ಕಂಡು, "ಥೇಟ್ ಅಪ್ಪನೇ, ಪಾಪ!" ಎಂದು ಮರುಗಿ ಹೋಗಿದ್ದಾರೆ. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು ಸ್ವಾಮಿ?

ತಪ್ಪು ನಮ್ಮದೂ ಇದೆ, ಒಪ್ಪುತ್ತೇನೆ. ಇಲ್ಲಿಯ ದೇವಸ್ಥಾನದಲ್ಲಿ ನಮ್ಮ ಮದುವೆ ನಡೆದಾಗ, ಅಮೆರಿಕದ ಕಾನೂನು ಕೇಳುವ ವಿವಾಹದ ಪರವಾನಗಿಯನ್ನು ಕೌಂಟಿ ಕಚೇರಿಯಿಂದ ಯಾರೂ ತಂದಿರಲಿಲ್ಲ. ನಮ್ಮಲ್ಲಿ ಮದುವೆಯ ಏರ್ಪಾಡೆಲ್ಲ ಹೆಣ್ಣಿನ ಕಡೆಯವರದು. ಬಾಳೆಎಲೆಯಿಂದ ಓಲಗದವರೆಗೆ ನೋಡಿಕೊಂಡವರು ಇದನ್ನೂ ನೋಡಿಕೊಂಡಿರುತ್ತಾರೆಂದು ನನ್ನ ಅಮ್ಮ ಅನಸೂಯ ನಂಬಿದ್ದರು. ರಾಚೆಸ್ಟರ್ ಹಿಲ್ಸ್‌ನಿಂದ ವ್ಯಾನಿನ ತುಂಬ ಚಕ್ಕುಲಿ ಹೇರಿಕೊಂಡು ಬಂದ ಮಾವ ಜಗನ್ನಾಥರೋ, ಊರು ಗಂಡಿನವರದು, ಸರ್ಕಾರಿ ಕಾಗದವೂ ಅವರದೇ ಎಂದುಕೊಂಡಿದ್ದರು. ಪುರೋಹಿತರು ಕೇಳಿದಾಗ ಇವರು ಅವರತ್ತ, ಅವರು ಇವರತ್ತ ಕೈತೋರಿಸಿದರು. ಮುಹೂರ್ತ ಮೀರುತ್ತಿತ್ತು. "ಆಮೇಲೆ ತಂದ್ಕೊಡಿ" ಎಂದರು ಪುರೋಹಿತರು. ತಾಳಿ ಕಟ್ಟಿದೆ. ಆಮೇಲೆ ಎಲ್ಲರೂ ಮರೆತೆವು.

ತಮ್ಮ ಕಚೇರಿ ಎರಡು ದಾರಿ ತೋರಿಸಿತು. ನಾವು ಅವಿವಾಹಿತರೆಂದು ಇಬ್ಬರೂ ಸಹಿ ಮಾಡಿ ನನ್ನನ್ನು ತಂದೆಯೆಂದು ಒಪ್ಪಿಕೊಳ್ಳುವುದು, ಇಲ್ಲವೇ ಡಿಎನ್‌ಎ ಪರೀಕ್ಷೆ. ನನ್ನ ಹೆಂಡತಿ ಸಿಂಧು ಸಹಿಗೆ ಸುತರಾಂ ಒಪ್ಪಲಿಲ್ಲ. "ನಾನೂರು ಜನ ಉಂಡು ಹೋಗಿರೋ ಮದ್ವೆ. ಆಗೇ ಇಲ್ಲ ಅಂತ ನಾನು ಬರ್ಕೊಡ್ಬೇಕಾ?" ಎಂದಳು. ಹೆರಿಗೆಗೆ ಮುಂಚೆಯೇ ತಾಯಿಯ ರಕ್ತ ಪರೀಕ್ಷಿಸಿ ತಂದೆ ಯಾರೆಂದು ತಿಳಿಯಬಹುದಿತ್ತಲ್ಲ ಎಂದು ತಮ್ಮ ಸಿಬ್ಬಂದಿಯೊಬ್ಬರು ಕನಿಕರದಿಂದ ಕೇಳಿದರು. ಹೆರಿಗೆಗೆ ಮುಂಚೆ ನಾವು ಸೀಮಂತ ಮಾಡಿದೆವು ಸ್ವಾಮಿ! ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಆರತಿ ಎತ್ತಿದೆವು. ಆರತಿ ತಟ್ಟೆಯ ಪಕ್ಕ ಸಿರಿಂಜ್ ಇಟ್ಟುಕೊಂಡು ನಮ್ಮಮ್ಮ, "ಎಲ್ಲಿ, ತೋಳು ಚಾಚಮ್ಮ, ಅಪ್ಪ ಯಾರೂಂತ ನೋಡಿಬಿಡೋಣ" ಎಂದು ಸೊಸೆಗೆ ಹೇಳಬೇಕಿತ್ತೇ?

ಕೊನೆಗೆ ನಾನೇ ಔಷಧಿ ಅಂಗಡಿಯಿಂದ ಕಿಟ್ ತಂದೆ. ಡಬ್ಬದ ಮೇಲೆ "ನಿಮ್ಮ ಮನಶ್ಶಾಂತಿಗಾಗಿ" ಎಂದಿತ್ತು. ಸಿಂಧು ಬೇಡ ಅನ್ನುತ್ತಾಳೆಂದು, ಅವಳು ಸ್ನಾನಕ್ಕೆ ಹೋದಾಗ ಮಗುವಿನ ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ, ನನ್ನದನ್ನೂ ಸೇರಿಸಿ ಅಂಚೆಗೆ ಹಾಕಿದೆ. ಫಲಿತಾಂಶ ಬಂತು. ನಾನೇ ಅಪ್ಪ! ಕುಣಿಯುತ್ತ ಕಳಿಸಿಕೊಟ್ಟರೆ, ಮನೆಯಲ್ಲಿ ಮಾಡಿದ್ದು ನಡೆಯದು, ಆ ಎಂಜಲು ನನ್ನದೇ ಎನ್ನಲು ಸಾಕ್ಷಿ ಯಾರು ಎಂದು ತಾವು ತಿರುಗಿಸಿ ಕಳಿಸಿದಿರಿ. ತಮ್ಮ ಆ ಲಕೋಟೆಯನ್ನು ಒಡೆದವಳು ಸಿಂಧು.

"ನಿಂಗೆ ಡೌಟ್ ಇತ್ತಾ?"

"ಅಯ್ಯೋ, ಆಫೀಸಿಗೆ ಕೊಡೋಕೆ ಕಣೇ!"

"ಆಫೀಸಿಗಾದ್ರೆ ನಾನು ಸ್ನಾನಕ್ಕೆ ಹೋದಾಗ್ಲೇ ಯಾಕೆ ಮಾಡ್ದೆ?"

ಅಂದಿನಿಂದ ಅವಳು ನನ್ನೊಡನೆ ನೇರವಾಗಿ ಮಾತಾಡಿಲ್ಲ. ಏನಿದ್ದರೂ ಕೈಗೂಸಿನ ಮೂಲಕ. "ತನಿಷಾ, ಊಟಕ್ಕೆ ಬರೋಕೆ ಹೇಳು ನಿಮ್ಮಪ್ಪಂಗೆ. ಅಪ್ಪನೇ ಅಂತ ಪ್ರೂಫ್ ಬಂದಿದೆಯಲ್ಲ." ಕೇಳಿದವರಿಗೆ ನಗು ಬಂದೀತು. ನನಗೆ ಬರುವುದಿಲ್ಲ. ಒಂದು ಗಳಿಗೆಯೂ ನಾನು ಅವಳನ್ನು ಸಂಶಯಿಸಿದವನಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪರೀಕ್ಷೆ ತಾವು ಹೇಳಿದ ಲ್ಯಾಬಿನಲ್ಲೇ, ತಮ್ಮ ಸಾಕ್ಷಿಯ ಎದುರಲ್ಲೇ ಇನ್ನೊಮ್ಮೆ ಆಗಲಿ, ಬಾಯಿ ತೆರೆದು ಕೂರುತ್ತೇನೆ. ಬದಲಿಗೆ ತಾವು ಸಿಂಧುವಿಗೆ ಎರಡು ಸಾಲು ಬರೆಯಬೇಕು: ಸಂಶಯ ನಮ್ಮ ಕಚೇರಿಯದು, ನಿಮ್ಮ ಗಂಡನದಲ್ಲ. ಮೊಹರು ಒತ್ತಿ, ಸಾಕ್ಷಿಯ ಸಹಿಯನ್ನೂ ಹಾಕಿಸಿ ಕಳಿಸಿ. ನಾನು ಹೇಳಿ ಹೇಳಿ ಸೋತಿದ್ದೇನೆ. ನನ್ನ ಬಾಯಿಮಾತು ತಮ್ಮಲ್ಲಿ ಮೊದಲಿನಿಂದಲೂ ನಡೆಯುತ್ತಿರಲಿಲ್ಲ. ಈಗ ನನ್ನ ಮನೆಯಲ್ಲೂ ನಡೆಯುತ್ತಿಲ್ಲ.

ಇಂತಿ,
ತಮ್ಮ ಕಡತದ ಪ್ರಕಾರ ಯಾರೂ ಅಲ್ಲದ
ಸುಶ್ರುತ
ನೇಪರ್‌ವಿಲ್ (ಸದ್ಯದ ವಾಸ, ಬೇಸ್‌ಮೆಂಟಿನ ಸೋಫಾ)