ನಲವತ್ತು ಹೆಜ್ಜೆಗೆ ಎರಡು ಚರೆ

ಪ್ರೀತಿಯ ತಾತ,

ಇಷ್ಟು ಸಣ್ಣ ವಿಷಯಕ್ಕೆ ಕಾರ್ಡ್ ಬರೆಯುತ್ತಿದ್ದೇನೆ, ಕ್ಷಮಿಸಿ. ಫೋನಿನಲ್ಲಿ ಕೇಳಲು ಧೈರ್ಯ ಬರಲಿಲ್ಲ. ಇಲ್ಲಿ ಮಿಸೌರಿಯಲ್ಲಿ ಕಾಡು ಟರ್ಕಿ ಕೋಳಿಯ ಬೇಟೆ ಶುರುವಾಗಲು ಹದಿನೈದು ದಿನವಿದೆ. ರೂಮ್‌ಮೇಟ್ ಡೆಲ್ಲಾಳ ದೊಡ್ಡಮ್ಮ ವರ್ಲೀನ್ ನಮ್ಮನ್ನು ಕರೆದೊಯ್ಯುತ್ತಾರೆ. ಅದಕ್ಕೆ ಮೊದಲು ಕೋವಿಗೆ ಪರೀಕ್ಷೆ. ಟರ್ಕಿಯ ತಲೆ ಬರೆದ ಕಾಗದವನ್ನು ನಲವತ್ತು ಹೆಜ್ಜೆ ದೂರ ಕಟ್ಟಿದ್ದರು. ನೀವು ಕೊಟ್ಟ ಕೋವಿಯಿಂದಲೇ ಹೊಡೆದೆ. ತೋಟಾದೊಳಗಿನ ನೂರಾರು ಸೀಸದ ಕಾಳುಗಳಲ್ಲಿ ತಲೆಗೆ ಬಿದ್ದದ್ದು ಎರಡೇ ಚರೆ, ಉಳಿದದ್ದೆಲ್ಲ ಬೇಲಿಗೆ.

"ಹಕ್ಕಿಗೆ ಮೊದಲು ಎಕ್ಸ್‌ಕ್ಯೂಸ್ ಮಿ ಅನ್ನಬೇಕೂಂತ ಇಂಗ್ಲೆಂಡ್ ಹಾಸ್ಟೆಲಲ್ಲಿ ಹೇಳ್ಕೊಟ್ಟಿದ್ರೇನೇ?" ಎಂದರು ದೊಡ್ಡಮ್ಮ, ನಾನು ಇಂಗ್ಲೆಂಡಿನಲ್ಲಿ ಓದಿದ್ದನ್ನು ಹಂಗಿಸಿ. ಆಮೇಲೆ ನಳಿಗೆ ನೋಡಿ, "ತಪ್ಪು ನಿಂದಲ್ಲ ಬಿಡು. ಇದರ ಬಾಯಿ ಅಗಲ, ಚರೆ ಚದುರದ ಹಾಗೆ ಬಾಯಿ ಕಿರಿದು ಮಾಡೋ ಬಿಗಿ ಚೋಕ್ ಹಾಕೋಕೂ ಆಗಲ್ಲ. ಇಪ್ಪತ್ತು ಹೆಜ್ಜೆ ದಾಟಿದ್ರೆ ಹಕ್ಕಿ ಸಾಯಲ್ಲ, ಗಾಯ ಹೊತ್ಕೊಂಡು ಓಡುತ್ತೆ," ಎಂದರು.

ಬಿಗಿ ಚೋಕ್ ಇರುವ ಅವರ ಸಣ್ಣ ಕೋವಿ ಅದೇ ದೂರಕ್ಕೆ ಮೂವತ್ತು ಚರೆ ಕೂರಿಸಿತು. ಯಾವುದನ್ನು ಒಯ್ಯಬೇಕೆಂದು ನಾನೇ ಹೇಳಬೇಕಂತೆ. ಕೋವಿ ಒದ್ದು ನನ್ನ ಭುಜ ನೀಲಿಯಾಗಿದೆ, ಆದರೂ ಊಟ ಸೇರುತ್ತಿದೆ.

ನಿಮ್ಮ ದೊಡ್ಡ ಟರ್ಕಿಯನ್ನು ಈ ಕೋವಿಯಲ್ಲಿ ಅರವತ್ತು ಹೆಜ್ಜೆಯಿಂದ ಹೊಡೆದಿರಿ ಎಂದು ನೀವು ಯಾವಾಗಲೂ ಹೇಳುತ್ತೀರಿ. ನಿಜವಾಗಿ ಎಷ್ಟು ಹೆಜ್ಜೆ ತಾತ? ಅಜ್ಜಿಗೆ ಹೇಳುವುದಿಲ್ಲ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ಪೆಟ್ರಾ