ಉಪವಾಸದ ಪುಣ್ಯವೂ ಊದಿದ ಕಾಲೂ

ಸ್ಮೆದೆರೆವೊ
ಜೂನ್ ೧೧

ಪ್ರೀತಿಯ ಮಿಲುಂಕಾ ಅಕ್ಕನಿಗೆ,

ನಿನ್ನ ತಂಗಿಯ ಎಡಗಾಲು ಈಗ ನಮ್ಮ ಬೀದಿಯ ಗಣ್ಯವ್ಯಕ್ತಿ. ಬಂದವರೆಲ್ಲ ಮೊದಲು ಅದರ ಕ್ಷೇಮ ವಿಚಾರಿಸಿ, ಆಮೇಲೆ ನನ್ನ ಮುಖ ನೋಡುತ್ತಾರೆ.

ಹೋದ ವಾರ ಒಂದು ಬೆಳಿಗ್ಗೆ ಎದ್ದಾಗ ಮೀನಖಂಡ ಕುಂಬಳಕಾಯಿಯಂತೆ ಊದಿತ್ತು, ಮುಟ್ಟಿದರೆ ಬಿಸಿ. ಕಾರಣ ಹುಡುಕಲು ಅಂಗಳದಲ್ಲಿ ಸಭೆ ಸೇರಿತು. "ಗಾಳಿ ಹೊಡ್ದಿದೆ ಕಣೇ! ಎದುರುಬದುರು ಕಿಟಕಿ ತೆಗೆದಿಟ್ಟು ಕೂತ್ರೆ ಇನ್ನೇನಾಗುತ್ತೆ?" ಎಂದು ಪಕ್ಕದ ಮನೆಯ ಕೊಸಾರಾ ತೀರ್ಪು ಕೊಟ್ಟಳು. ಕಿಟಕಿ ತೆಗೆದದ್ದು ತಾವಲ್ಲವೆಂದು ನನ್ನ ಯಜಮಾನರು ರಾದೊಯೆ ಪ್ರಮಾಣ ಮಾಡಿದರು. ಕೊಸಾರಾ ಎಲೆಕೋಸಿನ ಎಲೆಗೆ ಪ್ಲಮ್ ಸಾರಾಯಿ ಸವರಿ ಕಾಲಿಗೆ ಕಟ್ಟಿದಳು. ಉಳಿದ ಸಾರಾಯಿ ರಾದೊಯೆಯ ಗಂಟಲಿಗೆ ಹೋಯಿತು. "ಒಂದೇ ಮನೆ, ಒಂದೇ ಗಾಳಿ. ನಂಗೂ ಬಡಿದಿರಬಹುದಲ್ವೇನೇ?" ಅವರು ಗುಣವಾದರು. ನಾನು ಆಗಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಕಾಲನ್ನು ಸ್ಕ್ಯಾನ್ ಮಾಡಿ, ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಸವಾರಿ ಹೋಗದಂತೆ ಔಷಧಿ ಶುರುಮಾಡಿದರು. ಬಳಿಕ ವಿಚಾರಣೆ. ದೂರದ ಪ್ರಯಾಣ? ಆಪರೇಷನ್? ಮೂಳೆ ಮುರಿತ? ನಾನು ಇಲ್ಲ, ಇಲ್ಲ ಎಂದಷ್ಟೂ ಅವರ ಮುಖ ಗಂಭೀರವಾಯಿತು.

"ತೂಕ ಏನಾದ್ರೂ ಇಳಿದಿದ್ಯಾಮ್ಮ?"

ಇಳಿದಿತ್ತು ಅಕ್ಕ! ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸವನ್ನು ಈ ಸಲ ನಾನು ಸನ್ಯಾಸಿನಿಯಂತೆ ಮಾಡಿದ್ದೆ. ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲಿನ ಹನಿಯೂ ಇಲ್ಲ. ಲಂಗ ಸಡಿಲವಾದಾಗ ಪಾದ್ರಿಗಳೇ ನನ್ನ ಭಕ್ತಿಯನ್ನು ಹೊಗಳಿದ್ದರು. ಇದನ್ನೆಲ್ಲ ಡಾಕ್ಟರಮ್ಮನಿಗೆ ಎದೆಯುಬ್ಬಿಸಿ ಹೇಳಿದೆ.

"ಸರಿ. ಉಪವಾಸ ಮುಗಿದ್ಮೇಲೆ ತೂಕ ವಾಪಸ್ ಬಂತಾ?"

ಈಸ್ಟರ್‌ನಿಂದ ಈಚೆಗೆ ತಿಂದ ಹಂದಿಮಾಂಸವನ್ನೆಲ್ಲ ನೆನೆಸಿಕೊಂಡೆ. ಆದರೂ ಲಂಗಕ್ಕೆ ಪಿನ್ನು ಹಾಕುವುದು ನಿಂತಿರಲಿಲ್ಲ. ಲಂಗ ಸಡಿಲಿಸಿದ್ದು ನನ್ನ ಭಕ್ತಿಯಲ್ಲ, ಅದಕ್ಕೆ ಸಂದ ಹೊಗಳಿಕೆ ಬೇರೆ ಯಾರಿಗೋ ಸಲ್ಲಬೇಕಿತ್ತು ಎನ್ನಿಸಿತು.

"ಕಾಲಲ್ಲಿ ಹೀಗಾದ ಹೆಚ್ಚಿನವರಿಗೆ ಒಳಗೆ ಬೇರೇನೂ ಇರಲ್ಲಮ್ಮ," ಎಂದರು ಅವರು. "ಕೆಲವರಿಗೆ ಮಾತ್ರ ಎಲ್ಲೋ ಕ್ಯಾನ್ಸರ್ ಅಡಗಿರುತ್ತೆ, ಅದರ ಸುಳಿವು ಮೊದಲು ಕಾಲಲ್ಲಿ ಸಿಗುತ್ತೆ. ನಿಮಗೆ ಕಾರಣಾನೂ ಇಲ್ಲ, ತೂಕ ಬೇರೆ ಇಳಿದಿದೆ. ಹೊಟ್ಟೆ ಸ್ಕ್ಯಾನ್ ಮಾಡಿಸ್ದೆ ಕಳಿಸಲ್ಲ."

ಒಲೆಯ ಮೇಲೆ ಚೆರ್ರಿ ಜಾಮ್ ಇದೆ, ಇನ್ನೊಂದು ದಿನ ಬರುತ್ತೇನೆ ಎಂದು ಎದ್ದೆ.

"ಜಾಮ್ ನಿಮ್ಮ ಯಜಮಾನ್ರು ಕಲಕ್ತಾರೆ. ಕೂತ್ಕೊಳ್ಳಿ."

ಕೂತೆ. ಯಜಮಾನರು ಕಲಕಿದರು, ಪಾತ್ರೆಯನ್ನು ನಿನ್ನೆ ಎಸೆದೆವು. ಸ್ಕ್ಯಾನಿನಲ್ಲಿ ಮೂತ್ರಪಿಂಡದ ಮೇಲೆ ಏನೋ ಚಿಕ್ಕದು ಕಂಡಿತಂತೆ. ಡಾಕ್ಟರುಗಳಿಗೆ ಏನಾದರೊಂದು ಕಾಣಲೇಬೇಕಲ್ಲ! ನೀನು ತಲೆ ಕೆಡಿಸಿಕೊಳ್ಳಬೇಡ. ಭಾವನಿಗೆ ನನ್ನ ನೆನಪು ಹೇಳು.

ಇಂತಿ,
ಒಂದೂವರೆ ಕಾಲಿನ ನಿನ್ನ ತಂಗಿ
ವುಕೊಸಾವಾ

ತಾ.ಕ.: ಅದು ಕ್ಯಾನ್ಸರ್, ಅಕ್ಕ. ಹರಡಿದಂತೆ ಕಾಣುವುದಿಲ್ಲ; ಕಾಲು ಸುಧಾರಿಸಿದ ಮೇಲೆ ಆ ಮೂತ್ರಪಿಂಡ ತೆಗೆಯುತ್ತಾರೆ. ರಾದೊಯೆಗೆ ಇನ್ನೂ ಹೇಳಿಲ್ಲ. ಹೇಳಲೆಂದು ಬಾಯಿ ತೆರೆದರೆ ತಮಾಷೆಯೇ ಬರುತ್ತದೆ, ಅವರು ನಗುತ್ತಾರೆ, ನನಗೆ ಮುಂದಿನ ಮಾತು ಹೊರಡುವುದಿಲ್ಲ. ಶನಿವಾರ ಬಂದುಬಿಡು. ನೀನು ಪಕ್ಕದಲ್ಲಿ ಕುಳಿತರೆ, ಅವರನ್ನು ನಗಿಸದೆ ಹೇಳುತ್ತೇನೆ.