ಕುಂಕುಮದ ಅಡಿಯ ಅಕ್ಷರ

7 ಅಕ್ಟೋಬರ್ 2003, ಮಂಗಳವಾರ, ಮಧ್ಯಾಹ್ನ

ರಿಪೇರಿ ಅಂಗಡಿ ಗುಡಿಸಿದೆ. ಊದುಬತ್ತಿ ಹಚ್ಚಿದೆ. ಎರಡು ಪ್ರಿಂಟರ್ ಬಿಚ್ಚಿ ಒರೆಸಿದೆ. ಆಮೇಲೆ ಸ್ವರ್ಣಲತಕ್ಕನ ಕಂಪ್ಯೂಟರ್. ಸಿದ್ದಾಪುರದಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕ್ಲಾಸ್ ನಡೆಸುವವರು. ಅವರಿಗಿರುವುದು ಇದೊಂದೇ. ಹೊಸ ನಲವತ್ತು ಜಿಬಿ ಹಾರ್ಡ್‌ಡಿಸ್ಕ್ ಹಾಕಿದರೆ ಹಳೆ ಬೋರ್ಡಿಗೆ ಅದರ ಗುರುತೇ ಹತ್ತುವುದಿಲ್ಲ, ಅಲ್ಲೇ ನಿಂತುಬಿಡುತ್ತದೆ. ಬೋರ್ಡನ್ನು ಎಬ್ಬಿಸುವ ಪ್ರೋಗ್ರಾಮು, ಬಯೋಸ್, ಹೊಸತು ತುಂಬಬೇಕು. ನಾನೇ ಮಾಡುತ್ತೇನೆ ಎಂದೆ. ಮಾಡಿದೆ.

ಈಗ ಫ್ಯಾನು ಮಾತ್ರ ತಿರುಗುತ್ತದೆ. ಸ್ಕ್ರೀನು ಕಪ್ಪು. ಬೀಪ್ ಇಲ್ಲ. ಹನ್ನೊಂದು ಸಲ ಆಫ್ ಮಾಡಿ ಆನ್ ಮಾಡಿದೆ. ಬಯೋಸ್ ಹೋದರೆ ಬೋರ್ಡಿಗೆ ಏಳುವುದು ಹೇಗೆಂದೇ ಗೊತ್ತಿರುವುದಿಲ್ಲ... ಊಟದ ಡಬ್ಬಿ ತೆರೆದಿಲ್ಲ.

ಅದೇ ದಿನ, ಸಂಜೆ ಐದು

ತಿಳಿಯಿತು. ಶನಿವಾರ ಆಯುಧಪೂಜೆಗೆ ತೆರೆದಿಟ್ಟಿದ್ದ ಮೆಷಿನುಗಳಿಗೆಲ್ಲ ಗಂಧ, ಕುಂಕುಮ ಇಟ್ಟವಳು ನಾನೇ. ಚಿಪ್ಪಿಗೆ ತಾಗಬಾರದೆಂದು ಹೆದರಿ ಹೆದರಿ, ಬೋರ್ಡಿನ ಖಾಲಿ ಮೂಲೆ ಹುಡುಕಿ ಇಟ್ಟೆ. ಮೂಲೆ ಖಾಲಿ ಇರಲಿಲ್ಲ, ಬೋರ್ಡಿನ ಮಾಡೆಲ್ ನಂಬರಿನ ಕೊನೆಯ ಅಕ್ಷರ ಅಲ್ಲಿತ್ತು. ಒಣಗಿದ ಗಂಧವನ್ನು ಉಗುರಿನಲ್ಲಿ ಕೆರೆದೆ. ವಿಎ-61 ಅಲ್ಲ. ವಿಎ-61ಬಿ. ಅದು ಬೇರೆಯೇ ಬೋರ್ಡು. ಬೇರೆ ಬೋರ್ಡಿನ ಬಯೋಸನ್ನು ಇದಕ್ಕೆ ತುಂಬಿದ್ದೇನೆ.

ತುಂಬುವಾಗ ಸ್ಕ್ರೀನಿನ ಮೇಲೆ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂದಿತ್ತು. ಇದನ್ನೂ ಬರೆದುಬಿಡಬೇಕು. ಇಂಗ್ಲಿಷ್ ಓದಲು ನನಗೆ ತಡವಾಗುತ್ತದೆ, ತಡವರಿಸುವುದನ್ನು ಯಾರಾದರೂ ನೋಡಿಯಾರು ಎಂದು ಓದದೆ, ಹೌದು ಎನ್ನುವ ವೈ ಒತ್ತಿದೆ.

8 ಅಕ್ಟೋಬರ್

ಸುಧಾಕರಣ್ಣನಿಗೆ ಹೇಳಿದೆ. ಅಂಗಡಿ ಅವರದ್ದು. ಬೈಯಲಿಲ್ಲ. ಅದಕ್ಕೇ ಭಯವಾಯಿತು. ಚಾ ಕುಡಿದು ಮುಗಿಸಿ ಹೇಳಿದರು.

"ಸಿಡ್ಲ್ ಹೊಡ್ದದ್ದ್ ಅಂದೇಳಿ ಹೇಳ್ವ. ಎಂತ ದೊಡ್ಡ್ ಸಂಗ್ತಿ?"

"ಮೆಷಿನ್ ಶುಕ್ರವಾರದಿಂದ ಇಲ್ಲೇ ಇತ್ತಲ್ದಾ ಸುಧಾಕರಣ್ಣ."

"ಅಲ್ಲೇ ಪೆಟ್ಟ್ ಬಿದ್ದಿತ್, ಇಲ್ಲಿಗ್ ಬಂದ್ ಜೀವ ಬಿಡ್ತ್. ಮನ್ಷ್ರ್ ಹಾಂಗೆ ಸಾಯುದಿಲ್ಯಾ?"

"ನಾ ಹಾಂಗೆ ಹೇಳುದಿಲ್ಲೆ."

"ಹತ್ನೇ ಕ್ಲಾಸ್ ದಾಟುಕ್ ಆಯ್ಲಿಲ್ಲೆ, ಸತ್ಯ ಹೇಳುಕ್ ಹೊರ್ಟಳ್. ಕಾಣ್ ನಾಗು, ಅಂಗ್ಡಿ ಹೆಸ್ರ್ ಹಾಳಾರೆ ನೀ ಮನೆಗ್ ಹೋಯ್ಕ್. ನಾಳೆಯಿಂದ ಬೋರ್ಡ್ ಮುಟ್ಟುಕಾಗ. ಟೋನರ್ ತುಂಬ್ಸ್, ಸಾಕ್."

ಎಂಟರಲ್ಲಿ ಒಮ್ಮೆ ಶಾಲೆ ಬಿಟ್ಟೆ, ಅಮ್ಮನಿಗೆ ಹುಷಾರಿಲ್ಲ ಎಂದು. ಮತ್ತೆ ಹೋದೆ. ಹತ್ತರಲ್ಲಿ ಇಂಗ್ಲಿಷು, ಗಣಿತ ಎರಡೂ ಹೋದವು. ಅದಕ್ಕೂ ಸಿಡಿಲು ಹೊಡೆಯಿತು ಎಂದು ನಾನು ಯಾರಿಗೂ ಹೇಳಿಲ್ಲ.

10 ಅಕ್ಟೋಬರ್, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ಹೊಟ್ಟೆನೋವು ಎಂದು ರಜೆ ಹಾಕಿ ಸಿದ್ದಾಪುರಕ್ಕೆ ಹೋದೆ. ಸುಳ್ಳಲ್ಲ, ನಿಜವಾಗಿ ನೋಯುತ್ತಿತ್ತು. ಹೋಗುವಷ್ಟರಲ್ಲಿ ಸುಧಾಕರಣ್ಣ ಫೋನ್ ಮಾಡಿ ಸಿಡಿಲಿನ ಕಥೆ ಹೇಳಿ ಆಗಿತ್ತು.

"ಮೋಡ ಕಂಡ್ರೆ ಸಾಕ್, ನಾ ಪ್ಲಗ್ ತೆಗಿತೆ," ಎಂದರು ಸ್ವರ್ಣಲತಕ್ಕ. "ಆದ್ರೆ ಆ ದಿನ ತೆಗ್ದಿದ್ನಾ ಇಲ್ಯಾ... ಎರಡ್ ದಿನದಿಂದ ಅದೇ ಯೋಚ್ನಿ. ರಾತ್ರಿ ಎದ್ದ್ ಪ್ಲಗ್ ಕಂಡ್ ಬತ್ತೆ. ಮೆಷಿನೇ ಇಲ್ಲೆ, ಪ್ಲಗ್ ಎಂತಕ್ ಕಾಂಬುದೊ."

ಹೀಗೆ ಮತ್ತೆ ಮತ್ತೆ ನೋಡುವುದು ನನ್ನ ಕಾಯಿಲೆ. ಅದನ್ನು ಅವರಿಗೆ ಅಂಟಿಸಿಬಿಟ್ಟಿದ್ದೇವೆ.

"ನೀವ್ ತೆಗ್ದಿದ್ರಿ ಅಕ್ಕ. ಹಾಳ್ ಮಾಡಿದ್ದ್ ನಾನ್." ಎಲ್ಲ ಹೇಳಿದೆ. ಕುಂಕುಮ, ವೈ ಒತ್ತಿದ್ದು, ಎಲ್ಲ.

ಸ್ವರ್ಣಲತಕ್ಕ ಕೀಬೋರ್ಡಿಗೆ ಹೊದಿಸುವ ಬಟ್ಟೆ ಮಡಚಿಟ್ಟರು. "ಹದ್ನಾರಕ್ಕೆ ಪರೀಕ್ಷೆ. ಹನ್ನೆರ್ಡ್ ಹೆಣ್ಮಕ್ಳ್ ಕಲ್ತ್ ಕೂಕಂಡಿದ್ರ್. ಹಾಳ್ ಮಾಡಿದ್ದ್ ನೀನಾರೆ ಸಮ ಮಾಡುದೂ ನೀನೇ."

"ಆಯ್ಲಿಲ್ಲ ಅಂದ್ರೆ?"

"ಅದ್ ನಂಗೆ ಹೇಳ್ಬೇಡ. ನಿನ್ ಹತ್ರವೇ ಇಟ್ಕೊ."

ಹಾಲಿಲ್ಲದ ಚಾ ಕೊಟ್ಟರು. ಕುಡಿದೆ.

12 ಅಕ್ಟೋಬರ್, ಭಾನುವಾರ

ಸೈಬರ್ ಕೆಫೆಯಲ್ಲಿ ಎರಡು ಗಂಟೆ. ಸತ್ತ ಬೋರ್ಡ್ ಎಬ್ಬಿಸುವ ಬಗ್ಗೆ ಮೂರು ಪುಟ ಪ್ರಿಂಟ್. ಶಾಲೆಯಿಂದ ನನಗೆ ಉಳಿದದ್ದು ರಟ್ಟು ಹೋದ ಡಿಕ್ಷನರಿ ಒಂದೇ. ಅದನ್ನಿಟ್ಟುಕೊಂಡು ಒಂದೊಂದೇ ಪದ ಓದಿದೆ. ಈ ಸಲ ಒಂದನ್ನೂ ಬಿಟ್ಟಿಲ್ಲ.

ಉಪಾಯ ಇದೆ. ಅದೇ ಜಾತಿಯ ಒಳ್ಳೆಯ ಬೋರ್ಡ್ ಬೇಕು. ಅದನ್ನು ಆನ್ ಮಾಡಿ, ಕರೆಂಟ್ ಇರುವಾಗಲೇ ಅದರ ಬಯೋಸ್ ಚಿಪ್ ಎತ್ತಬೇಕು; ಒಮ್ಮೆ ಎದ್ದ ಬೋರ್ಡಿಗೆ ಆ ಚಿಪ್ ಬೇಡವಂತೆ. ಆ ಜಾಗದಲ್ಲಿ ನಮ್ಮ ಸತ್ತ ಚಿಪ್ ಕೂರಿಸಿ, ಸರಿಯಾದ ಬಯೋಸ್ ತುಂಬಬೇಕು. ಕೈ ನಡುಗಿದರೆ ಆ ಬೋರ್ಡೂ ಹೋಯಿತು.

ಸ್ವರ್ಣಲತಕ್ಕನ ಬೋರ್ಡು ಬಂದ ಪೆಟ್ಟಿಗೆಯಲ್ಲೇ ಬಂದ ಇನ್ನೊಂದು ಬೋರ್ಡು ಬೈಂದೂರಿನ ಲೀಲಾಧರಣ್ಣನ ಫೋಟೋ ಸ್ಟುಡಿಯೋದಲ್ಲಿದೆ. ಜೋಡಿಸಿದ್ದು ನಾನೇ.

14 ಅಕ್ಟೋಬರ್, ಮಂಗಳವಾರ

ಸುಧಾಕರಣ್ಣ ಸಾಮಾನು ತರಲು ಹೋಗಿದ್ದಾರೆ, ಅಂಗಡಿಗೆ ರಜೆ. ಸತ್ತ ಚಿಪ್ಪನ್ನು ನಿನ್ನೆ ಕೇಳದೆ ತೆಗೆದುಕೊಂಡೆ. ಬೋರ್ಡ್ ಮುಟ್ಟಬೇಡ ಎಂದಿದ್ದರು. ಮುಟ್ಟಿದೆ. ಫ್ಲಾಪಿ ಮೂರು, ಮೂರರಲ್ಲೂ 61ಬಿಯ ಬಯೋಸ್ ಫೈಲು. ಒಂದು ಕೈಕೊಟ್ಟರೆ? ಎರಡೂ ಕೊಟ್ಟರೆ? ಬಸ್ಸಿನಲ್ಲಿ ನಾಲ್ಕು ಸಲ ಚೀಲ ತೆರೆದು ನೋಡಿದೆ.

ಲೀಲಾಧರಣ್ಣನಿಗೆ ಮೊದಲೇ ಹೇಳಿದೆ, ನಿಮ್ಮದೂ ಸತ್ತೀತು ಎಂದು.

"ಹ್ವಾಯ್, ಡಾಕ್ಟ್ರೇ ಹೀಂಗೆ ಹೇಳಿರೆ ರೋಗಿ ಓಡುದಿಲ್ಯಾ?"

"ಓಡೂದಾರೆ ಈಗ್ಳೇ ಓಡಿ."

ನಕ್ಕರು. ಆಮೇಲೆ ನಗಲಿಲ್ಲ. ಮೆಷಿನನ್ನೇ ನೋಡಿದರು. "ಮದ್ವಿ ಫೋಟೋ ಎಲ್ಲ ಸಿಡಿಯಗಿತ್ತ್. ಮಾಡ್."

ಕರೆಂಟಿನ ಲೈನ್‌ಮನ್‌ಗೆ ಅವರಿಂದಲೇ ಫೋನ್ ಮಾಡಿಸಿದೆ. ಹನ್ನೊಂದರವರೆಗೆ ಕರೆಂಟ್ ತೆಗೆಯುವುದಿಲ್ಲವಂತೆ. ಬಯೋಸ್ ಚಿಪ್ಪಿನ ಎರಡೂ ತುದಿಯಡಿ ಬಲೆ ಹೆಣೆಯುವ ನೈಲಾನ್ ನೂಲು ತೂರಿಸಿದ್ದೆ. ಅಪ್ಪನ ಬುಟ್ಟಿಯಿಂದ ತಂದದ್ದು. ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯಲಿ ಎಂದು ಕಿಟಕಿಯ ಸರಳು ಮುಟ್ಟಿದೆ. ಆನ್ ಮಾಡಿದೆ. ನೂಲು ಹಿಡಿದು ಚಿಪ್ಪನ್ನು ನೇರ ಮೇಲಕ್ಕೆ ಎಳೆದೆ. ಮೆಷಿನ್ ನಿಲ್ಲಲಿಲ್ಲ. ಸತ್ತ ಚಿಪ್ಪಿನ ಕಚ್ಚು ಯಾವ ಕಡೆ ಎಂದು ಐದು ಸಲ ನೋಡಿ ಒತ್ತಿದೆ. ಫ್ಲಾಪಿ ಹಾಕಿ ಬಯೋಸ್ ತುಂಬಲು ಕೊಟ್ಟು, ಅಂದಿನ ಎಚ್ಚರಿಕೆಯ ಸಾಲು ಬರುತ್ತದೋ ಎಂದು ಕಾದೆ. ಬರಲಿಲ್ಲ. ಹೌದಾ ಎಂದಷ್ಟೇ ಕೇಳಿತು. ಪೂರ್ತಿ ಓದಿದೆ. ವೈ.

ಸ್ಕ್ರೀನಿನ ಗೆರೆ ತುದಿಯವರೆಗೆ ತುಂಬಿತು. ಆಫ್ ಮಾಡಿ ಅವರ ಚಿಪ್ ಅವರಿಗೆ ಹಾಕಿದೆ. ಅವರದ್ದು ಎದ್ದಿತು.

ನಮ್ಮದು? ನಾಳೆ.

15 ಅಕ್ಟೋಬರ್, ಬೆಳಿಗ್ಗೆ ಎಂಟೂವರೆ

ಬೀಗ ನಾನೇ ತೆಗೆದೆ. ಊದುಬತ್ತಿ ಹಚ್ಚಿಲ್ಲ, ಗುಡಿಸಿಲ್ಲ. ಚಿಪ್ ಕೂರಿಸಿ ಸ್ವಿಚ್ ಒತ್ತಿದೆ. ಒಂದು ಬೀಪ್. ಒಂದೇ. ನಲವತ್ತು ಜಿಬಿ, ಅಷ್ಟೂ ತೋರಿಸುತ್ತಿದೆ. ಮತ್ತೆ ಆಫ್ ಮಾಡಿ ಆನ್ ಮಾಡಿದೆ, ಹನ್ನೊಂದು ಸಲ. ಹನ್ನೊಂದು ಸಲವೂ ಎದ್ದಿತು.

ಸ್ವರ್ಣಲತಕ್ಕ ಹತ್ತರ ಬಸ್ಸಿಗೆ ಬರುತ್ತಾರೆ. ರಿಪೇರಿಯ ವಿವರ ಬರೆಯುವ ಜಾಬ್ ಕಾರ್ಡ್ ತೆಗೆದೆ. ಕಾರಣ ಎಂಬ ಜಾಗದಲ್ಲಿ ಸುಧಾಕರಣ್ಣ ಪೆನ್ಸಿಲಿನಲ್ಲಿ ಸಿಡಿಲು ಎಂದು ಬರೆದಿಟ್ಟಿದ್ದಾರೆ. ಸರಿಯಾದ ಮೇಲೆ ಇನ್ನು ಯಾರು ಕೇಳುತ್ತಾರೆ, ಹಾಗೇ ಬಿಡಬಹುದು. ಬಿಡಬಹುದಿತ್ತು. ರಬ್ಬರಿನಿಂದ ಉಜ್ಜಿದೆ. ಪೆನ್ನಿನಲ್ಲಿ ಬರೆದೆ: ಬೇರೆ ಬೋರ್ಡಿನ ಬಯೋಸ್ ತುಂಬಿ ಕೆಡಿಸಿದ್ದು, ಸರಿಮಾಡಿದ್ದು — ನಾಗು. ಅಕ್ಷರ ಸೊಟ್ಟಗಾಗಿದೆ. ಆಗಲಿ. ಓದಲು ಬರುತ್ತದೆ.

ಹೊರಗೆ ಸ್ಕೂಟರ್ ನಿಂತಿತು. ಸುಧಾಕರಣ್ಣ. ಕಾರ್ಡನ್ನು ಮೇಜಿನ ನಡುವೆ, ಅವರಿಗೆ ಕಾಣುವ ಹಾಗೆ ಇಟ್ಟಿದ್ದೇನೆ.